ಸೌದೆ, ಬ್ರೆಡ್, ಹಬ್ಬ: ಹಳೆಯ ಇಂಗ್ಲಿಷ್ ಹಳ್ಳಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಹಳ್ಳಿ ಅಂದ ಕೂಡಲೇ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಕ್ಯಾಲೆಂಡರಿನ ಚಿತ್ರ: ಹುಲ್ಲು ಹೊದಿಸಿದ ಮನೆ, ಬಾಗಿಲ ಮೇಲೆ ಗುಲಾಬಿ ಬಳ್ಳಿ, ಕಂಬದ ಸುತ್ತ ಕುಣಿಯುವ ಮಕ್ಕಳು. ಆ ಮನೆಯ ಒಲೆಗೆ ಸೌದೆ ಎಲ್ಲಿಂದ ಬರುತ್ತಿತ್ತು, ವಾರದ ಕೂಲಿಗೆ ಎಷ್ಟು ಬ್ರೆಡ್ ಸಿಗುತ್ತಿತ್ತು, ಹಬ್ಬದ ಖರ್ಚನ್ನು ಯಾರು ಹೊರುತ್ತಿದ್ದರು ಎಂಬುದು ಆ ಚಿತ್ರದಲ್ಲಿ ಕಾಣುವುದಿಲ್ಲ. ಇಂಗ್ಲಿಷ್ ಕಾದಂಬರಿ ಓದುವ ವಿದ್ಯಾರ್ಥಿಗಳು, ಅಲ್ಲೇ ನೆಲೆಸಿರುವ ಕನ್ನಡಿಗರು, ಗ್ರಾಮ ಚರಿತ್ರೆಯಲ್ಲಿ ಆಸಕ್ತಿ ಇರುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳ ಹಿಂದೆ ನನ್ನದೊಂದು ನಂಬಿಕೆ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಹಳ್ಳಿಗಳಲ್ಲಿ ಹಬ್ಬವೆಂದರೆ ಬಡವರು ನಾಚಿಕೆ ಬಿಟ್ಟು, ಗಟ್ಟಿ ದನಿಯಲ್ಲಿ ತಮ್ಮ ಪಾಲು ಕೇಳಬಹುದಾಗಿದ್ದ ದಿನ.

ಇದು ಯಾವ ಕಾಲದ, ಯಾವ ಊರಿನ ಮಾತು?

ಹೆಚ್ಚಾಗಿ 1750ರ ಆಸುಪಾಸಿನಿಂದ ಮೊದಲನೆಯ ಮಹಾಯುದ್ಧದವರೆಗಿನ ಕಾಲ. ನಡುವೆ ನಿಲ್ಲುವ ಊರು ದಕ್ಷಿಣ ಇಂಗ್ಲೆಂಡಿನ ವಿಲ್ಟ್‌ಶೈರ್ ಸೀಮೆಯ ಗ್ರೇಟ್ ವಿಶ್‌ಫರ್ಡ್. ಸಾಲ್ಸ್‌ಬರಿಯಿಂದ ಸುಮಾರು ಹತ್ತು ಕಿಲೋಮೀಟರ್ ದೂರ, ವೈಲಿ ನದಿಯ ಕಣಿವೆಯಲ್ಲಿದೆ. ಊರ ಹಿಂದಿನ ದಿಬ್ಬದ ಮೇಲೆ ಗ್ರೋವ್ಲಿ ಕಾಡು. ಹಬ್ಬವೂ ಹೊಟ್ಟೆಪಾಡೂ ಹೇಗೆ ಒಂದಕ್ಕೊಂದು ಅಂಟಿಕೊಂಡಿದ್ದವು ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ. ಅಗತ್ಯ ಬಿದ್ದ ಕಡೆ ಬೇರೆ ಊರುಗಳೂ ಬರುತ್ತವೆ.

ಗ್ರೇಟ್ ವಿಶ್‌ಫರ್ಡ್‌ನಲ್ಲಿ ಮೇ 29ರಂದು ಏನು ನಡೆಯುತ್ತದೆ?

ಇನ್ನೂ ಕತ್ತಲಿರುವಾಗಲೇ ಡಬ್ಬ, ತಗಡು, ಡೋಲು ಬಡಿಯುತ್ತಾ ಒಂದು ಗುಂಪು ಬೀದಿ ಬೀದಿ ಸುತ್ತಿ ಊರನ್ನು ಎಬ್ಬಿಸುತ್ತದೆ. ಎದ್ದವರು ದಿಬ್ಬ ಹತ್ತಿ ಗ್ರೋವ್ಲಿ ಕಾಡಿಗೆ ಹೋಗಿ ಹಸಿರು ಓಕ್ ಕೊಂಬೆಗಳನ್ನು ಕಡಿದು ತರುತ್ತಾರೆ. ಕೊಂಬೆ ಮನುಷ್ಯನ ಮುಂಗೈಗಿಂತ ದಪ್ಪ ಇರಬಾರದು ಎಂಬುದು ಕಟ್ಟಳೆ. ಮನೆ ಬಾಗಿಲುಗಳಿಗೆ ಆ ಹಸಿರು ಏರುತ್ತದೆ. ಒಂದು ದೊಡ್ಡ ಕೊಂಬೆಯನ್ನು ಚರ್ಚಿನ ಗೋಪುರದ ಮೇಲಕ್ಕೆ ಎಳೆದು ಕಟ್ಟುತ್ತಾರೆ. ಆ ವರ್ಷ ಮದುವೆಯಾಗುವವರಿಗೆ ಅದು ಶುಭ ತರುತ್ತದಂತೆ.

ಆಮೇಲೆ ಸಾಲ್ಸ್‌ಬರಿಯ ಕಥೀಡ್ರಲ್‌ಗೆ, ಅಂದರೆ ಬಿಷಪ್ಪರ ದೊಡ್ಡ ಚರ್ಚಿಗೆ, ಪಯಣ. ಹಳೆಯ ಕಾಲದ ಉಡುಪು ತೊಟ್ಟ ನಾಲ್ವರು ಹೆಂಗಸರು ಒಣ ಪುಳ್ಳೆಯ ಹೊರೆ ಹಿಡಿದು ಅದರ ಮುಂದಿನ ಹುಲ್ಲು ಹಾಸಿನ ಮೇಲೆ ಕುಣಿಯುತ್ತಾರೆ. ಬಳಿಕ ಊರವರೆಲ್ಲ ಒಳಗೆ ಹೋಗಿ ಬಲಿಪೀಠದೆದುರು ನಿಂತು ಕೂಗುತ್ತಾರೆ: "ಗ್ರೋವ್ಲಿ! ಗ್ರೋವ್ಲಿ! ಗ್ರೋವ್ಲಿ! ಇಡೀ ಗ್ರೋವ್ಲಿ!" ಅಲ್ಲಿಂದ ಊರಿಗೆ ಮರಳಿ ಮೆರವಣಿಗೆ, ಸಹಭೋಜನ, ಆಟಪಾಟ.

ಮೆರವಣಿಗೆಯ ಮುಂದೆ ಹಿಡಿಯುವ ಬಟ್ಟೆಯ ಮೇಲೆ ಆ ಕೂಗಿನ ಜೊತೆಗೆ "ಒಗ್ಗಟ್ಟೇ ಬಲ" ಎಂಬ ಮಾತಿದೆ. ಕಾರ್ಮಿಕ ಸಂಘದ ಧ್ವಜಕ್ಕೆ ಒಪ್ಪುವ ಈ ಮಾತು ಹೂವು ಹಸಿರಿನ ಹಬ್ಬದಲ್ಲಿ ಏಕಿದೆ ಎಂಬುದೇ ಈ ಊರಿನ ಕಥೆ.

ಆ ಕೂಗಿನ ಅರ್ಥವೇನು?

ಆ ಕೂಗು ಒಂದು ಹಕ್ಕುಸಾಧನೆ. ಗ್ರೋವ್ಲಿ ಕಾಡಿನ ಒಡೆತನ ದೊಡ್ಡ ಜಮೀನುದಾರರಾದ ಪೆಂಬ್ರೂಕ್ ಅರ್ಲ್ ಮನೆತನದ್ದು. ಒಣ ಸೌದೆ ಆಯುವ, ಹಬ್ಬಕ್ಕೆ ಹಸಿರು ಕಡಿಯುವ ಹಕ್ಕು ಮಾತ್ರ ವಿಶ್‌ಫರ್ಡ್ ಮತ್ತು ಪಕ್ಕದ ಬಾರ್ಫರ್ಡ್ ಊರಿನವರದ್ದು. ಇದನ್ನೆಲ್ಲ ಬರೆದಿಟ್ಟ ಪತ್ರ 1603ರದ್ದು. ಅಂದೂ ಇವು ಹೊಸ ಹಕ್ಕುಗಳಾಗಿರಲಿಲ್ಲ, ಹಿಂದಿನಿಂದ ನಡೆದು ಬಂದ ವಾಡಿಕೆಗಳು ಎಂದೇ ಆ ಪತ್ರ ಹೇಳುತ್ತದೆ. ವರ್ಷಕ್ಕೊಮ್ಮೆ ಕಥೀಡ್ರಲ್‌ಗೆ ಹೋಗಿ ಕುಣಿದು ಕೂಗುವುದು ಆ ಹಕ್ಕನ್ನು ಊರೆದುರು, ದೇವರೆದುರು ಸಾರುವ ಕ್ರಮ. ವಾಡಿಕೆಯ ಹಕ್ಕು ಬಳಕೆಯಲ್ಲಿದ್ದರಷ್ಟೇ ಬದುಕುತ್ತದೆ. ಹಾಗಾಗಿ ಒಂದು ವರ್ಷ ಹಬ್ಬ ತಪ್ಪಿದರೆ ಹೋಗುತ್ತಿದ್ದುದು ಸಂಭ್ರಮವಷ್ಟೇ ಅಲ್ಲ, ಚಳಿಗಾಲದ ಒಲೆಯೂ ಆರಬಹುದಿತ್ತು. ಈ ಹಕ್ಕು, ಆಚರಣೆ ಎರಡನ್ನೂ ಕಾಪಾಡಲು 1892ರಲ್ಲಿ ಊರವರೇ ಓಕ್ ಆ್ಯಪಲ್ ಕ್ಲಬ್ ಕಟ್ಟಿಕೊಂಡರು. ಅದು ಇಂದಿಗೂ ಇದೆ.

ಮೇ 29ನ್ನೇ ಏಕೆ ಆರಿಸಿಕೊಂಡರು?

ಅದು ಎರಡನೆಯ ಚಾರ್ಲ್ಸ್ ದೊರೆಯ ಹುಟ್ಟಿದ ದಿನ. 1660ರಲ್ಲಿ ಅವನು ದೇಶಕ್ಕೆ ಮರಳಿ ಲಂಡನ್ ಪ್ರವೇಶಿಸಿದ್ದೂ ಅದೇ ದಿನ. 1651ರಲ್ಲಿ ವೂಸ್ಟರ್ ಕಾಳಗದಲ್ಲಿ ಸೋತು ಓಡುವಾಗ ಓಕ್ ಮರವೊಂದರಲ್ಲಿ ಅಡಗಿ ಬದುಕಿಕೊಂಡದ್ದರಿಂದ ಓಕ್ ಎಲೆ ಆ ದಿನದ ಗುರುತಾಯಿತು. 1859ರವರೆಗೆ ಅದು ಸರ್ಕಾರದ ಲೆಕ್ಕದಲ್ಲೂ ಆಚರಣೆಯ ದಿನ. ವಿಶ್‌ಫರ್ಡ್‌ನ ಪತ್ರವಾದರೋ ಚಾರ್ಲ್ಸ್ ಹುಟ್ಟುವುದಕ್ಕಿಂತ 27 ವರ್ಷ ಹಿಂದಿನದು. ಊರವರು ತಮ್ಮ ಹಳೆಯ ವಾಡಿಕೆಯನ್ನು ರಾಜನ ದಿನಕ್ಕೆ ಜೋಡಿಸಿಕೊಂಡರು. ಬುದ್ಧಿವಂತಿಕೆಯ ಕೆಲಸ: ರಾಜಭಕ್ತಿಯ ಹಬ್ಬವನ್ನು ಯಾವ ಜಮೀನುದಾರ ತಡೆಯಲಾದೀತು?

ಸೌದೆಗಾಗಿ ಇಷ್ಟೆಲ್ಲಾ ಏಕೆ?

ಗಣಿಗಳಿಂದ ದೂರವಿದ್ದ ದಕ್ಷಿಣದ ಸೀಮೆಗಳಲ್ಲಿ ಕಲ್ಲಿದ್ದಲು ದುಬಾರಿ. ಸೌದೆ ಇಲ್ಲದವರ ಮನೆಯಲ್ಲಿ ಬಿಸಿ ಅಡುಗೆ ಇಲ್ಲ, ಬ್ರೆಡ್ ಸುಡಲು ದಾರಿ ಇಲ್ಲ, ಒದ್ದೆ ಬಟ್ಟೆ ಒಣಗುವುದಿಲ್ಲ. ಕೂಲಿಯವನ ಸಂಸಾರ ಕೂಲಿಯೊಂದರಿಂದಲೇ ನಡೆಯುತ್ತಿರಲಿಲ್ಲ. ಗೋಮಾಳದಲ್ಲಿ ಒಂದು ಹಸು, ನಾಲ್ಕು ಬಾತುಕೋಳಿ ಮೇಯಿಸುವುದು, ಕಾಡಿನಿಂದ ಪುಳ್ಳೆ ತರುವುದು, ಪೊದೆಗಳಲ್ಲಿ ಹಣ್ಣು ಆಯುವುದು, ಎಲ್ಲ ಸೇರಿದರೇ ವರ್ಷ ದಾಟುತ್ತಿತ್ತು.

ಈ ಆಸರೆಗೆ ಪೆಟ್ಟು ಕೊಟ್ಟದ್ದು ಬೇಲಿ. 1750ರಿಂದ ಮುಂದಿನ ನೂರು ವರ್ಷದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕಾಯ್ದೆಗಳ ಮೂಲಕ ಪಾರ್ಲಿಮೆಂಟು ಊರೂರಿನ ತೆರೆದ ಹೊಲ, ಗೋಮಾಳಗಳನ್ನು ಹಂಚಿ ಬೇಲಿ ಹಾಕಲು ಒಪ್ಪಿಗೆ ಕೊಟ್ಟಿತು. ಕಾಗದಪತ್ರ ಇದ್ದವರಿಗೆ ಭೂಮಿ ಸಿಕ್ಕಿತು. ವಾಡಿಕೆಯೊಂದನ್ನೇ ನಂಬಿದ್ದವರಿಗೆ ಹೆಚ್ಚಿನ ಕಡೆ ಏನೂ ಸಿಗಲಿಲ್ಲ. ಕವಿ ಜಾನ್ ಕ್ಲೇರ್ ಹುಟ್ಟಿದ ಹೆಲ್ಪ್‌ಸ್ಟನ್ ಊರಿಗೆ ಬೇಲಿಯ ಕಾಯ್ದೆ ಬಂದದ್ದು 1809ರಲ್ಲಿ. ತಾನೇ ಹೊಲದ ಕೂಲಿಯಾಗಿದ್ದ ಕ್ಲೇರ್ ಆ ನಷ್ಟವನ್ನು ಬದುಕಿಡೀ ಬರೆದ. ಬೇಲಿಯಿಂದ ಬೆಳೆ ಹೆಚ್ಚಿತು ಎಂದು ಆರ್ಥಿಕ ಚರಿತ್ರೆಕಾರರು ಹೇಳುತ್ತಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಹೆಚ್ಚಿದ ಬೆಳೆ ಯಾರ ಕಣಜಕ್ಕೆ ಹೋಯಿತು ಎಂದೂ ಕೇಳಬೇಕು.

ಚರ್ಚಿನ ಗೋಡೆಯ ಮೇಲೆ ಬ್ರೆಡ್ ಬೆಲೆ ಕೆತ್ತಿದ್ದಾರೆ ಎನ್ನುವುದು ನಿಜವೇ?

ನಿಜ. ಗ್ರೇಟ್ ವಿಶ್‌ಫರ್ಡ್‌ನ ಚರ್ಚ್ ಆವರಣದ ಗೋಡೆಯಲ್ಲಿ ಈ ಕಲ್ಲುಗಳಿವೆ. ಮೊದಲನೆಯದು 1800ರದ್ದು: ಗ್ಯಾಲನ್‌ಗೆ 3 ಶಿಲಿಂಗ್ 4 ಪೆನ್ಸ್ (ಆಗ 12 ಪೆನ್ಸ್‌ಗೆ ಒಂದು ಶಿಲಿಂಗ್). ಆಮೇಲೆ ಬೇರೆ ಬೇರೆ ಕಾಲದ ಬೆಲೆಗಳನ್ನು ಸೇರಿಸುತ್ತಾ ಬಂದಿದ್ದಾರೆ.

ಗ್ಯಾಲನ್ ಎಂದರೆ ಇಲ್ಲಿ ಒಂದು ದೊಡ್ಡ ಬ್ರೆಡ್ಡು, ತೂಕ ಸುಮಾರು 3.9 ಕಿಲೋ. 1795ರಲ್ಲಿ ಬರ್ಕ್‌ಶೈರ್‌ನ ಸ್ಪೀನ್‌ಹ್ಯಾಮ್‌ಲ್ಯಾಂಡ್‌ನಲ್ಲಿ ಸೇರಿದ ನ್ಯಾಯಾಧೀಶರು ಬಡವರ ನೆರವಿಗೆ ಇದನ್ನೇ ಅಳತೆಗೋಲಾಗಿ ಹಿಡಿದರು. ಗ್ಯಾಲನ್ ಬ್ರೆಡ್ಡಿಗೆ ಒಂದು ಶಿಲಿಂಗ್ ಇದ್ದಾಗ ದುಡಿಯುವ ಗಂಡಸಿಗೆ ವಾರಕ್ಕೆ 3 ಶಿಲಿಂಗ್, ಹೆಂಡತಿ ಮತ್ತು ಪ್ರತಿ ಮಗುವಿಗೆ ಒಂದೂವರೆ ಶಿಲಿಂಗ್ ಆದಾಯ ಇರಲೇಬೇಕು. ಕೂಲಿ ಅಷ್ಟಾಗದಿದ್ದರೆ ಉಳಿದದ್ದನ್ನು ಊರಿನ ಬಡವರ ತೆರಿಗೆಯಿಂದ ತುಂಬಬೇಕು ಎಂದು ಗೊತ್ತುಮಾಡಿದರು. ಈಗ ವಿಶ್‌ಫರ್ಡ್‌ನ ಕಲ್ಲಿನ ಮುಂದೆ ನಿಂತು ಲೆಕ್ಕ ಹಾಕಿ. 1800ರ ಬೆಲೆಯಲ್ಲಿ ಮೂರು ಬ್ರೆಡ್ಡಿಗೆ 10 ಶಿಲಿಂಗ್. ದಕ್ಷಿಣದ ಹೊಲದ ಕೂಲಿಯವನಿಗೆ ವಾರಪೂರ್ತಿ ದುಡಿದರೂ ಅಷ್ಟು ಕೈಗೆ ಬರುವುದು ಕಷ್ಟವಿತ್ತು. ಅವನೊಬ್ಬನ ಪಾಲಿಗೇ ಆ ಮೊತ್ತ. ಹೆಂಡತಿ ಮಕ್ಕಳದ್ದು ಬೇರೆ.

ಆ ಗೋಡೆಯನ್ನು ನಾನು ಇಂಗ್ಲೆಂಡಿನ ಬಹು ದೊಡ್ಡ ಸ್ಮಾರಕಗಳ ಸಾಲಿನಲ್ಲಿ ಇಡುತ್ತೇನೆ. ಯುದ್ಧ ಗೆದ್ದವರ ಹೆಸರು ಕೆತ್ತಿದ ಕಲ್ಲುಗಳು ಎಲ್ಲೆಲ್ಲೂ ಇವೆ. ಬ್ರೆಡ್ಡಿನ ಬೆಲೆ ಕೆತ್ತಿಟ್ಟ ಊರು ಅಪರೂಪ.

ದಿನದ ಊಟ ಏನಿರುತ್ತಿತ್ತು?

ಬ್ರೆಡ್, ಅದರ ಮೇಲೆ ಹಂದಿಯ ಕೊಬ್ಬು, ಆಲೂಗಡ್ಡೆ, ಹಿತ್ತಲ ಕೋಸು, ಹಾಲಿಲ್ಲದ ಚಹಾ. ಆದಷ್ಟು ಮನೆಗಳಲ್ಲಿ ಒಂದು ಹಂದಿ ಸಾಕುತ್ತಿದ್ದರು. ಅಡುಗೆಮನೆಯ ಸಿಪ್ಪೆ, ಉಳಿದ ನೀರು ತಿಂದು ಬೆಳೆದ ಅದನ್ನು ಚಳಿಗಾಲದ ಹೊತ್ತಿಗೆ ಕೊಯ್ದು, ಉಪ್ಪು ಹಾಕಿ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. ಹಸಿ ಮಾಂಸದ ಪಾಲು ನೆರೆಮನೆಗಳಿಗೂ ಹೋಗುತ್ತಿತ್ತು. ಅವರ ಹಂದಿ ಕೊಯ್ದಾಗ ಇತ್ತ ಬರುತ್ತಿತ್ತು. ಇದ್ದ ಚೂರು ಮಾಂಸ ಮೊದಲು ದುಡಿಯುವ ಗಂಡಸಿನ ತಟ್ಟೆಗೆ. ಹೆಂಗಸರು, ಮಕ್ಕಳು ಬಹುಪಾಲು ಬ್ರೆಡ್ ಮತ್ತು ಚಹಾದ ಮೇಲೆಯೇ ದಿನ ತಳ್ಳುತ್ತಿದ್ದರು.

ಹೆಂಗಸರು ಮತ್ತು ಮಕ್ಕಳ ಕೆಲಸ ಏನು?

ನೀರು ಹೊರುವುದು, ಕಳೆ ಕೀಳುವುದು, ಹೊಲದ ಕಲ್ಲು ಆಯುವುದು, ಒಣಹುಲ್ಲು ಮಗುಚುವುದು. ಚಿಕ್ಕ ಹುಡುಗರು ಮರದ ಗಿಲಕಿ ತಿರುಗಿಸುತ್ತಾ ಬಿತ್ತಿದ ಹೊಲದಿಂದ ಕಾಗೆ ಓಡಿಸುತ್ತಾ ಒಬ್ಬರೇ ದಿನವಿಡೀ ನಿಲ್ಲುತ್ತಿದ್ದರು. ಹೆಣ್ಣುಮಕ್ಕಳು ಹನ್ನೆರಡು ಹದಿಮೂರಕ್ಕೆ ದೊಡ್ಡವರ ಮನೆಗೆಲಸಕ್ಕೆ ಹೋಗುತ್ತಿದ್ದರು. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದ ನಾಲ್ಕನೆಯ ಭಾನುವಾರ ಅವರಿಗೆ ತಾಯಿಯ ಮನೆಗೆ ಹೋಗಿಬರಲು ರಜೆ ಕೊಡುವ ರೂಢಿಯಿತ್ತು.

ಇವೆಲ್ಲಕ್ಕಿಂತ ದೊಡ್ಡದು ಹಕ್ಕಲು. ಸುಗ್ಗಿ ಮುಗಿದ ಗೋಧಿ ಹೊಲದಲ್ಲಿ ಉದುರಿದ ತೆನೆಗಳನ್ನು ಆಯುವುದು ಹೆಂಗಸರು ಮಕ್ಕಳ ಕೆಲಸ. ಚೆನ್ನಾಗಿ ಆಯ್ದರೆ ಚಳಿಗಾಲದ ಬಹುಪಾಲು ಹಿಟ್ಟು ಅದರಲ್ಲೇ ಸಿಗುತ್ತಿತ್ತು. 1788ರಲ್ಲಿ ಸಫಕ್ ಸೀಮೆಯ ಟಿಮ್‌ವರ್ತ್ ಊರಿನ ಮೇರಿ ಹೌಟನ್ ಎಂಬಾಕೆಯ ಮೇಲೆ ಹೊಲದವನು ಹೂಡಿದ ಮೊಕದ್ದಮೆಯಲ್ಲಿ, ಹಕ್ಕಲು ಆಯುವುದು ಕಾನೂನಿನ ಹಕ್ಕಲ್ಲ ಎಂದು ಲಂಡನ್ನಿನ ನ್ಯಾಯಾಲಯ ತೀರ್ಪು ಕೊಟ್ಟಿತು. ತೀರ್ಪು ಬಂದರೂ ಹೆಂಗಸರು ಹೊಲಕ್ಕೆ ಹೋಗುವುದನ್ನು ಬಿಡಲಿಲ್ಲ. ಎಷ್ಟೋ ಊರುಗಳಲ್ಲಿ ಮುಂದಿನ ಶತಮಾನದಲ್ಲೂ ಚರ್ಚಿನ ಗಂಟೆಯೇ ಹಕ್ಕಲಿನ ವೇಳೆಯನ್ನು ಸಾರುತ್ತಿತ್ತು. ಗಂಟೆಗೆ ಮೊದಲು ಯಾರೂ ಇಳಿಯುವಂತಿಲ್ಲ, ಸಂಜೆಯ ಗಂಟೆಯ ನಂತರ ಯಾರೂ ಇರುವಂತಿಲ್ಲ. ಇದರಿಂದ ಎಳೆಗೂಸು ಇದ್ದವಳಿಗೂ ಮುದುಕಿಗೂ ನ್ಯಾಯವಾದ ಪಾಲು. ಹೊಲದ ನಡುವೆ ಒಂದು ಸಿವುಡು ಉಳಿಸಿದ್ದರೆ ಅಲ್ಲಿಗೆ ಇನ್ನೂ ಹೋಗಬಾರದು ಎಂದರ್ಥ. ಕಾನೂನು ಕೈಬಿಟ್ಟದ್ದನ್ನು ಊರಿನ ಕಟ್ಟುಪಾಡು ಹಿಡಿದಿಟ್ಟುಕೊಂಡಿತು.

ಮಕ್ಕಳು ಶಾಲೆಗೆ ಹೋಗುತ್ತಿರಲಿಲ್ಲವೇ?

1880ರಲ್ಲಿ ಹತ್ತು ವರ್ಷದವರೆಗೆ ಕಡ್ಡಾಯವಾಯಿತು, 1891ರ ನಂತರ ಶುಲ್ಕವೂ ಹೋಯಿತು. ಆದರೂ ಹಳ್ಳಿ ಶಾಲೆಗಳ ದಿನಚರಿ ಪುಸ್ತಕ ತೆರೆದರೆ ಗೈರುಹಾಜರಿಯ ಕಾರಣಗಳು ಸಾಲುಸಾಲು: ಹಕ್ಕಲು, ಆಲೂಗಡ್ಡೆ ಕೀಳುವುದು, ಕಾಗೆ ಓಡಿಸುವುದು, ಬೂಟು ಇಲ್ಲದಿರುವುದು. ಬೇಸಿಗೆ ರಜೆಯ ಹೆಸರೇ ಸುಗ್ಗಿ ರಜೆ; ಪೈರು ಹಣ್ಣಾಗುವುದನ್ನು ನೋಡಿಕೊಂಡು ತಾರೀಕು ಗೊತ್ತುಮಾಡುತ್ತಿದ್ದರು.

ಸುಗ್ಗಿ ಹಬ್ಬ ಹೇಗಿತ್ತು?

ಎರಡು ಬಗೆಯದನ್ನು ಬೇರೆ ಮಾಡಿ ನೋಡಬೇಕು. ಹಳೆಯದು ಹೊಲದ ಹಬ್ಬ. ಪೂರ್ವದ ನಾರ್ಫಕ್, ಸಫಕ್ ಸೀಮೆಗಳಲ್ಲಿ ಕೊಯ್ಲಿನವರು ತಮ್ಮಲ್ಲೇ ಒಬ್ಬನನ್ನು "ಸುಗ್ಗಿಯ ಒಡೆಯ" ಎಂದು ಆರಿಸುತ್ತಿದ್ದರು. ಹೊಲದ ಯಜಮಾನನ ಜೊತೆ ಕೂತು ಇಡೀ ತಂಡದ ಕೂಲಿ, ಬಿಯರ್, ಊಟ ಎಲ್ಲವನ್ನೂ ಮಾತಾಡಿ ಮುಗಿಸುವವನು ಅವನೇ. ಕೊಯ್ಲಿನ ಸಾಲಿನಲ್ಲಿ ಮೊದಲ ಕುಡುಗೋಲೂ ಅವನದೇ. ದಾರಿಹೋಕರನ್ನು ನಿಲ್ಲಿಸಿ ಖುಷಿಗೆ ಕಾಸು ಕೇಳುವುದೂ ಉಂಟು. ಕೊನೆಯ ಗಾಡಿ ಹಸಿರು ತೊಟ್ಟು ಕೂಗಾಟದೊಡನೆ ಕಣಕ್ಕೆ ಬಂದ ಮೇಲೆ ಯಜಮಾನನ ಖರ್ಚಿನಲ್ಲಿ ರಾತ್ರಿ ಊಟ. ಅಂದು ಯಜಮಾನ, ಆಳು ಒಂದೇ ಮೇಜಿಗೆ.

ಎರಡನೆಯದು ಚರ್ಚಿನ ಸುಗ್ಗಿ ಹಬ್ಬ, ಹಣ್ಣು ತರಕಾರಿ ತೆನೆಗಳಿಂದ ಸಿಂಗರಿಸಿದ ಬಲಿಪೀಠದೊಡನೆ ಇಂದು ನಾವು ನೋಡುವಂಥದ್ದು. ಇದಕ್ಕೆ ಈಗಿನ ರೂಪ ಕೊಟ್ಟವನು ಕಾರ್ನ್‌ವಾಲ್‌ನ ಮಾರ್ವೆನ್‌ಸ್ಟೋ ಊರಿನ ಪಾದ್ರಿ ರಾಬರ್ಟ್ ಸ್ಟೀಫನ್ ಹಾಕರ್, 1843ರಲ್ಲಿ. ಕುಡಿತದ ಗದ್ದಲ ಸಹಿಸದ ಪಾದ್ರಿಗಳಿಗೂ, ಊಟದ ಖರ್ಚು ಉಳಿಸಬಯಸಿದ ಯಜಮಾನರಿಗೂ ಇದು ಹಿಡಿಸಿತು. ಹಬ್ಬ ಚಂದವಾಯಿತು ನಿಜ. ಯಜಮಾನ ಕೊಡಲೇಬೇಕಾಗಿದ್ದ ಊಟ ಮಾತ್ರ ಅನೇಕ ಊರುಗಳಲ್ಲಿ ಮೆಲ್ಲಗೆ ಮಾಯವಾಯಿತು. ನನಗೆ ಅದು ಸಣ್ಣ ನಷ್ಟವಾಗಿ ಕಾಣುವುದಿಲ್ಲ.

ಮನೆಮನೆಗೆ ಹೋಗಿ ಕೇಳುವ ಹಬ್ಬಗಳು ಯಾವುವು?

ಜನವರಿ 6ರ ನಂತರದ ಮೊದಲ ಸೋಮವಾರ ನೇಗಿಲ ಸೋಮವಾರ. ಉಳುವ ಹುಡುಗರು ಮುಖಕ್ಕೆ ಬಣ್ಣ ಬಳಿದು ನೇಗಿಲು ಎಳೆದುಕೊಂಡು ಬರುತ್ತಿದ್ದರು. ಕಾಸು ಕೊಡದ ಮನೆಯ ಬಾಗಿಲ ಮುಂದೆ ಉತ್ತುಬಿಡುವ ಬೆದರಿಕೆ ಇತ್ತು, ಒಮ್ಮೊಮ್ಮೆ ಉತ್ತದ್ದೂ ಉಂಟು. ಮೇ ಒಂದರಂದು ಮಕ್ಕಳು ಹೂವಿನ ಹಾರ ಕಟ್ಟಿ, ನಡುವೆ ಒಂದು ಗೊಂಬೆ ಕೂರಿಸಿ ಹಾಡುತ್ತಾ ಬರುತ್ತಿದ್ದರು. ಡಿಸೆಂಬರ್ 21, ಸಂತ ಥಾಮಸನ ದಿನ, ವಿಧವೆಯರದ್ದು. ಅಂದು ಅವರು ಮನೆಮನೆಗೆ ಹೋಗಿ ಕ್ರಿಸ್ಮಸ್ ಅಡುಗೆಗೆ ಗೋಧಿಯನ್ನೋ ಕಾಸನ್ನೋ ಪಡೆಯುತ್ತಿದ್ದರು. ಅದನ್ನು ಯಾರೂ ಭಿಕ್ಷೆ ಎಂದು ಎಣಿಸುತ್ತಿರಲಿಲ್ಲ. ಮರುದಿನ ಅದೇ ಹೆಂಗಸು ಅದೇ ಬಾಗಿಲು ತಟ್ಟಿದ್ದರೆ ಮಾತು ಬೇರೆ ಆಗುತ್ತಿತ್ತು.

ಬಣ್ಣದ ಪಟ್ಟಿ ಹಿಡಿದು ಕಂಬದ ಸುತ್ತ ಹೆಣೆಯುವ ಕುಣಿತ ಬಹಳ ಪ್ರಾಚೀನವೇ?

ಕಂಬ ಹಳೆಯದು, ಪಟ್ಟಿ ಹೊಸದು. ಮೇ ಕಂಬಗಳನ್ನು 1644ರಲ್ಲಿ ಪ್ಯೂರಿಟನ್ನರ, ಅಂದರೆ ಕಟ್ಟುನಿಟ್ಟಿನ ಪ್ರಾಟೆಸ್ಟಂಟರ, ಪಾರ್ಲಿಮೆಂಟು ನಿಷೇಧಿಸಿತ್ತು. 1660ರಲ್ಲಿ ದೊರೆ ಮರಳಿದಾಗ ಅವೂ ಮರಳಿದವು. ಪಟ್ಟಿ ಹೆಣೆಯುವ ಮಕ್ಕಳ ಕುಣಿತ ಹಳ್ಳಿಗಳಿಗೆ ಹಬ್ಬಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಶಾಲೆಗಳ ಮೂಲಕ. 1881ರಲ್ಲಿ ಲೇಖಕ ಜಾನ್ ರಸ್ಕಿನ್ ಲಂಡನ್ನಿನ ವೈಟ್‌ಲ್ಯಾಂಡ್ಸ್ ಕಾಲೇಜಿನಲ್ಲಿ ಮೇ ರಾಣಿಯ ಹಬ್ಬ ಆರಂಭಿಸಿದ. ಅಲ್ಲಿ ತರಬೇತಿ ಪಡೆದ ಶಿಕ್ಷಕಿಯರು ಹೋದಲ್ಲೆಲ್ಲ ಅಂಥ ಹಬ್ಬವನ್ನೂ ಒಯ್ದರು.

ಕಾಯಿಲೆ ಬಿದ್ದರೆ, ವಯಸ್ಸಾದರೆ ಗತಿ ಏನು?

ಬಡವರ ನೆರವಿನ ಬಗೆಗಿನ 1834ರ ಕಾಯ್ದೆಯ ನಂತರ ಕೊನೆಯ ಆಸರೆ ವರ್ಕ್‌ಹೌಸ್, ಅಂದರೆ ನಿರ್ಗತಿಕರನ್ನು ಇರಿಸಿಕೊಂಡು ದುಡಿಸುವ ಮನೆ. ಗಂಡ, ಹೆಂಡತಿ, ಮಕ್ಕಳನ್ನು ಅಲ್ಲಿ ಬೇರೆ ಬೇರೆ ಇಡುತ್ತಿದ್ದರು. ಜನ ಅದಕ್ಕೆ ಸಾವಿಗಿಂತ ಹೆಚ್ಚು ಹೆದರುತ್ತಿದ್ದರು. ಅದರಿಂದ ತಪ್ಪಿಸಿಕೊಳ್ಳಲು ಊರಿನ ಗಂಡಸರು ಕ್ಲಬ್ ಕಟ್ಟಿಕೊಂಡರು. ವಾರವಾರ ಒಂದಿಷ್ಟು ಪೆನ್ಸ್ ಹಾಕಿದರೆ ಕಾಯಿಲೆಯಲ್ಲಿ ಅಷ್ಟಿಷ್ಟು ಹಣ, ಸತ್ತಾಗ ಮರ್ಯಾದೆಯ ಶವಸಂಸ್ಕಾರ. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ವಿಟ್ಸನ್ ಹಬ್ಬದ ಹೊತ್ತಿಗೆ ಕ್ಲಬ್ಬಿನ ದಿನ. ಬ್ಯಾಂಡು, ಧ್ವಜ, ತುದಿಯಲ್ಲಿ ಹಿತ್ತಾಳೆಯ ಲಾಂಛನ ಇಟ್ಟ ಕೋಲುಗಳು, ಚರ್ಚಿನಲ್ಲಿ ಪ್ರಾರ್ಥನೆ, ಡೇರೆಯಲ್ಲಿ ಊಟ, ಸಂಜೆ ಕುಣಿತ. ನೋಡಿದವರಿಗೆ ಜಾತ್ರೆ, ಮೆರವಣಿಗೆಯಲ್ಲಿ ನಡೆಯುತ್ತಿದ್ದವರಿಗೆ ಅದು ತಮ್ಮದೇ ವಿಮೆಯ ವಾರ್ಷಿಕ ಸಭೆ.

1909ರ ಜನವರಿ 1ರಿಂದ ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್‌ವರೆಗೆ ಸರ್ಕಾರದ ಪಿಂಚಣಿ ಸಿಗತೊಡಗಿತು.

ಹಾಗಾದರೆ ಹಳ್ಳಿಯಲ್ಲಿ ಒಗ್ಗಟ್ಟಿತ್ತೇ?

ಹಬ್ಬದ ದಿನ ಇತ್ತು. ಉಳಿದ ದಿನ ಚರ್ಚಿನ ಬೆಂಚುಗಳೂ ಅಂತಸ್ತಿನ ಪ್ರಕಾರ. 1830ರಲ್ಲಿ ಒಕ್ಕುವ ಯಂತ್ರಗಳು ಚಳಿಗಾಲದ ಕೂಲಿಯನ್ನೂ ಕಿತ್ತುಕೊಂಡಾಗ ದಕ್ಷಿಣದ ಹಳ್ಳಿಗರು ಅವನ್ನು ಒಡೆದರು. 19 ಮಂದಿಗೆ ಗಲ್ಲಾಯಿತು, ಐನೂರರ ಹತ್ತಿರ ಮಂದಿಯನ್ನು ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. 1833ರಲ್ಲಿ ಡಾರ್ಸೆಟ್‌ನ ಟಾಲ್‌ಪಡ್ಲ್ ಊರಿನಲ್ಲಿ ವಾರದ ಕೂಲಿ 7 ಶಿಲಿಂಗ್‌ಗೆ ಇಳಿದು ಇನ್ನೂ 6ಕ್ಕೆ ಇಳಿಯಲಿದೆ ಎಂದಾಗ ಜಾರ್ಜ್ ಲವ್‌ಲೆಸ್ ಮತ್ತು ಸಂಗಡಿಗರು ಸಂಘ ಕಟ್ಟಿದರು. ಗುಟ್ಟಿನ ಪ್ರಮಾಣ ಮಾಡಿಸಿದರೆಂಬ ನೆಪದಲ್ಲಿ 1834ರಲ್ಲಿ ಆರು ಮಂದಿಗೆ ಏಳು ವರ್ಷದ ಗಡೀಪಾರು. ಜನ ದೇಶದಾದ್ಯಂತ ಸಿಡಿದೆದ್ದ ಮೇಲೆ 1836ರಲ್ಲಿ ಕ್ಷಮಾದಾನ ಕೊಡಬೇಕಾಯಿತು. ಅವರ ನೆನಪಿಗೆ ಪ್ರತಿ ಜುಲೈನಲ್ಲಿ ಅದೇ ಊರಿನಲ್ಲಿ ಕಾರ್ಮಿಕರ ಉತ್ಸವ ನಡೆಯುತ್ತದೆ.

ಈ ಹಳ್ಳಿಗಳಿಗೆ ಭಾರತದ ನಂಟು ಏನಾದರೂ ಇದೆಯೇ?

ಒಂದು ಇದೆ, ಬಹಳ ಮನಮುಟ್ಟುವಂಥದ್ದು. ಆಕ್ಸ್‌ಫರ್ಡ್‌ಶೈರ್‌ನ ಸ್ಟೋಕ್ ರೋ ಗುಡ್ಡದ ಮೇಲಿನ ಊರು, ನೀರಿಗೆ ತತ್ವಾರ. ಆ ಕಡೆಯವನೇ ಆದ ಎಡ್ವರ್ಡ್ ರೀಡ್ ಉತ್ತರ ಭಾರತದಲ್ಲಿ ಕಂಪನಿಯ ಅಧಿಕಾರಿಯಾಗಿದ್ದಾಗ, ಮನೆಯಲ್ಲಿದ್ದ ಕೊನೆಯ ನೀರು ಕುಡಿದದ್ದಕ್ಕೆ ಏಟು ತಿಂದ ಹುಡುಗನ ಕಥೆಯನ್ನು ಕಾಶಿಯ ಮಹಾರಾಜ ಈಶ್ವರೀ ಪ್ರಸಾದ್ ನಾರಾಯಣ್ ಸಿಂಗ್ ಅವರಿಗೆ ಹೇಳಿದ್ದನಂತೆ. ಮಹಾರಾಜರು ಅದನ್ನು ನೆನಪಿಟ್ಟು ಆ ಊರಿಗೆ ಬಾವಿ ತೋಡಿಸಿಕೊಟ್ಟರು. ನಾಲ್ಕು ಅಡಿ ಅಗಲ, 368 ಅಡಿ ಆಳ, ಪೂರ್ತಿ ಕೈಯಿಂದಲೇ ತೋಡಿದ್ದು. 1864ರ ಮೇ 24ರಂದು ಊರವರಿಗೆ ತೆರೆದುಕೊಟ್ಟರು. ಮೇಲೆ ಗುಮ್ಮಟ, ಗುಮ್ಮಟದಡಿ ಚಿನ್ನದ ಬಣ್ಣದ ಆನೆ. ಬಾವಿಯ ಖರ್ಚಿಗೆಂದು ಪಕ್ಕದಲ್ಲಿ ಚೆರಿ ತೋಟ. ರೆಡಿಂಗ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಭಾನುವಾರದ ಒಂದು ಮಧ್ಯಾಹ್ನ ಸಾಕು, ನೋಡಿ ಬರಬಹುದು.

ಡರ್ಬಿಶೈರ್‌ನ ಟಿಸಿಂಗ್ಟನ್‌ನಲ್ಲಿ ಬಾವಿಗಳಿಗೇ ಹಬ್ಬ. ಈಸ್ಟರ್ ಕಳೆದು ನಲವತ್ತನೆಯ ದಿನದ ಗುರುವಾರ ಅಲ್ಲಿನ ಆರು ಬಾವಿಗಳ ಮುಂದೆ ಹೂವಿನ ಚಿತ್ರಗಳು ನಿಲ್ಲುತ್ತವೆ. ಹಲಗೆಯ ಚೌಕಟ್ಟನ್ನು ನೀರಲ್ಲಿ ನೆನೆಸಿ, ಉಪ್ಪು ಬೆರೆಸಿದ ಜೇಡಿಮಣ್ಣು ಮೆತ್ತಿ, ಗೆರೆಗಳಿಗೆ ಬೀಜ ಒತ್ತಿ, ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಎಸಳು ಹಚ್ಚುತ್ತಾರೆ. ಮಳೆ ಬಂದರೆ ಹೆಂಚಿನ ಮೇಲಿನಂತೆ ನೀರು ಜಾರಿಹೋಗಲಿ ಎಂದು.

ಈಗ ಹೋದರೆ ಏನು ನೋಡಬಹುದು?

ಮೇ 29ಕ್ಕೆ ಗ್ರೇಟ್ ವಿಶ್‌ಫರ್ಡ್, ಆದರೆ ಹಿಂದಿನ ರಾತ್ರಿಯೇ ಹತ್ತಿರದಲ್ಲಿ ಉಳಿದುಕೊಳ್ಳಿ. ಡೋಲಿನ ಸದ್ದು ಬೆಳಗಿನವರೆಗೆ ಕಾಯುವುದಿಲ್ಲ. ಬೇಲಿ ಬೀಳದ ಹೊಲಗಳನ್ನು ಕಾಣಬೇಕೆಂದರೆ ನಾಟಿಂಗ್‌ಹ್ಯಾಮ್‌ಶೈರ್‌ನ ಲ್ಯಾಕ್ಸ್‌ಟನ್‌ಗೆ ಹೋಗಿ. ಮೂರು ದೊಡ್ಡ ತೆರೆದ ಹೊಲಗಳನ್ನು ಪಟ್ಟಿಪಟ್ಟಿಯಾಗಿ ಹಂಚಿಕೊಂಡು ಉಳುವ ಹಳೆಯ ಪದ್ಧತಿ ಅಲ್ಲಿ ಉಳಿದಿದೆ. ಯಾರಾದರೂ ಸಾಲು ಮೀರಿ ಊರ ದಾರಿಯನ್ನು ಉತ್ತಿದ್ದಾರೆಯೇ ಎಂದು ಊರಿನ ಪಂಚರು ಚಳಿಗಾಲದ ಆರಂಭದಲ್ಲಿ ನಡೆದು ನೋಡಿ ದಂಡ ಹಾಕುತ್ತಾರೆ. ವಿಶ್‌ಫರ್ಡ್‌ಗೆ ವಸಂತದಲ್ಲೇ ಹೋಗುವುದಾದರೆ, ಈಸ್ಟರ್ ನಂತರ ಐದನೆಯ ಭಾನುವಾರದ ಮರುದಿನ ಸಂಜೆ ಚರ್ಚಿನ ಅಂಗಳದಲ್ಲಿ ಹುಲ್ಲುಗಾವಲಿನ ಹರಾಜು ನಡೆಯುವ ವಾಡಿಕೆಯಿದೆ: ಹರಾಜು ಕೂಗುವವನು ಬಾಗಿಲಿನಿಂದ ಗೇಟಿನವರೆಗೆ ಚರ್ಚಿನ ಬೀಗದ ಕೈ ಹಿಡಿದು ಓಡಾಡುತ್ತಾನೆ, ಸೂರ್ಯ ಮುಳುಗುತ್ತಲೇ ಕೈಯಲ್ಲಿನ ಕೀಲಿಯಿಂದ ಗೇಟನ್ನು ಬಡಿಯುತ್ತಾನೆ, ಆಗ ಯಾರ ಸವಾಲು ಮೇಲಿತ್ತೋ ಅವರಿಗೆ ಆ ಬೇಸಿಗೆಯ ಹುಲ್ಲು.